ಪ್ರತಿಜೀವಕ ನಿರೋಧಕ ಪ್ಲಾಸ್ಮಿಡ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಔಷಧಕ್ಕೆ ಬಗ್ಗದ ಸೋಂಕುಗಳ ಬಗ್ಗೆ ಮಾತು ಬಂದಾಗ ನಮ್ಮ ಗಮನವೆಲ್ಲ ರೋಗ ತರುವ ಬ್ಯಾಕ್ಟೀರಿಯಾದ ಹೆಸರಿನ ಮೇಲೆಯೇ ನಿಲ್ಲುತ್ತದೆ. ಆದರೆ ನಿರೋಧಕ ಗುಣವನ್ನು ಒಂದು ಪ್ರಭೇದದಿಂದ ಇನ್ನೊಂದಕ್ಕೆ ಹೊತ್ತು ದಾಟಿಸುವ ಕೆಲಸವನ್ನು ಬಹುಮಟ್ಟಿಗೆ ಮಾಡುವುದು ಬ್ಯಾಕ್ಟೀರಿಯಾದ ಒಳಗಿರುವ ಪ್ಲಾಸ್ಮಿಡ್‌ಗಳು. ಅವುಗಳಿಗೆ ತಮ್ಮದೇ ಆದ ವಂಶಾವಳಿಯಿದೆ, ತಮ್ಮದೇ ಆದ ವಿಕಾಸವಿದೆ. ಈ ಪುಟದ ಉತ್ತರಗಳೆಲ್ಲ ಆ ದೃಷ್ಟಿಯಿಂದಲೇ ಬರೆದವು.

ಪ್ಲಾಸ್ಮಿಡ್ ಎಂದರೇನು?

ಬ್ಯಾಕ್ಟೀರಿಯಾದ ಜೀವಕೋಶದಲ್ಲಿ ಮುಖ್ಯ ವರ್ಣತಂತುವಿನಿಂದ ಬೇರೆಯಾಗಿದ್ದು, ತನ್ನ ಪ್ರತಿಗಳನ್ನು ತಾನೇ ಮಾಡಿಸಿಕೊಳ್ಳಬಲ್ಲ ಡಿಎನ್‌ಎ ತುಣುಕಿಗೆ ಪ್ಲಾಸ್ಮಿಡ್ ಎನ್ನುತ್ತಾರೆ. ಬಹುಪಾಲು ಪ್ಲಾಸ್ಮಿಡ್‌ಗಳು ಉಂಗುರದ ಆಕಾರದಲ್ಲಿರುತ್ತವೆ. ಈ ಹೆಸರನ್ನು 1952ರಲ್ಲಿ ಜೋಶುವಾ ಲೆಡರ್‌ಬರ್ಗ್ ಬಳಕೆಗೆ ತಂದರು. ಕೆಲವು ಪ್ಲಾಸ್ಮಿಡ್‌ಗಳು ಕೇವಲ ಕೆಲವು ಸಾವಿರ ಬೇಸ್‌ಜೋಡಿಗಳಷ್ಟು (ಡಿಎನ್‌ಎ ಏಣಿಯ ಮೆಟ್ಟಿಲುಗಳಂಥ ಘಟಕಗಳು) ಚಿಕ್ಕವು; ಇನ್ನು ಕೆಲವು ಲಕ್ಷಾಂತರ ಬೇಸ್‌ಜೋಡಿಗಳಷ್ಟು ದೊಡ್ಡವು. ಚಿಕ್ಕವು ಒಂದೇ ಕೋಶದಲ್ಲಿ ಹತ್ತಾರು ಪ್ರತಿಗಳಾಗಿ ಇರುವುದುಂಟು, ದೊಡ್ಡವು ಸಾಮಾನ್ಯವಾಗಿ ಒಂದೆರಡು ಪ್ರತಿಗಳಿಗೆ ಸೀಮಿತ. ಬ್ಯಾಕ್ಟೀರಿಯಾದ ದಿನನಿತ್ಯದ ಬದುಕಿಗೆ ಪ್ಲಾಸ್ಮಿಡ್ ಅನಿವಾರ್ಯವಲ್ಲ. ವಿಶೇಷ ಸಂದರ್ಭದಲ್ಲಿ ಮಾತ್ರ, ಉದಾಹರಣೆಗೆ ಸುತ್ತಲೂ ಪ್ರತಿಜೀವಕ ತುಂಬಿರುವಾಗ, ಅದರಲ್ಲಿರುವ ವಂಶವಾಹಿಗಳು ಉಳಿವು ಅಳಿವಿನ ಪ್ರಶ್ನೆಯಾಗುತ್ತವೆ.

ನಿರೋಧಕತೆ ಹೀಗೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಎಂಬುದು ತಿಳಿದದ್ದು ಯಾವಾಗ?

ಬ್ಯಾಕ್ಟೀರಿಯಾಗಳು ನೇರ ಸಂಪರ್ಕದಿಂದ ಡಿಎನ್‌ಎ ವರ್ಗಾಯಿಸಬಲ್ಲವು ಎಂಬುದನ್ನು ಲೆಡರ್‌ಬರ್ಗ್ ಮತ್ತು ಎಡ್ವರ್ಡ್ ಟೇಟಮ್ 1946ರಲ್ಲಿಯೇ ತೋರಿಸಿದ್ದರು. ಆದರೆ ಅದು ಪ್ರಯೋಗಾಲಯದ ಕುತೂಹಲವಾಗಿ ಉಳಿದಿತ್ತು. ಅದರ ವೈದ್ಯಕೀಯ ಅರ್ಥ ಹೊರಬಿದ್ದದ್ದು 1950ರ ದಶಕದ ಜಪಾನಿನಲ್ಲಿ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಆಮಶಂಕೆಗೆ ಸಲ್ಫೋನಮೈಡ್‌ಗಳನ್ನೂ, ಅವು ಸೋತ ಮೇಲೆ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್‌ಗಳನ್ನೂ ಬಳಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಈ ನಾಲ್ಕಕ್ಕೂ ಒಟ್ಟಿಗೇ ಬಗ್ಗದ, ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾಗಳು ಕಾಣಿಸಿಕೊಂಡವು. ಒಂದೇ ಉತ್ಪರಿವರ್ತನೆಯಿಂದ, ಅಂದರೆ ಡಿಎನ್‌ಎಯಲ್ಲಿ ಆಗುವ ಆಕಸ್ಮಿಕ ಬದಲಾವಣೆಯಿಂದ, ನಾಲ್ಕು ಬೇರೆ ಬೇರೆ ಔಷಧಗಳಿಗೆ ನಿರೋಧಕತೆ ಬರುವುದು ಅಸಂಭವ. ನಾಲ್ಕು ಉತ್ಪರಿವರ್ತನೆಗಳು ಒಂದೇ ಕೋಶದಲ್ಲಿ ಒಟ್ಟಿಗೆ ಆಗುವುದಂತೂ ಇನ್ನೂ ಅಸಂಭವ. ಅದರ ಮೇಲೆ, ಒಬ್ಬನೇ ರೋಗಿಯ ಮಲದಲ್ಲಿ ಒಂದೇ ಬಗೆಯ ಶಿಗೆಲ್ಲಾದ ಔಷಧಕ್ಕೆ ಬಗ್ಗುವ ರೂಪವೂ ಬಗ್ಗದ ರೂಪವೂ ಜೊತೆಜೊತೆಯಾಗಿ ಸಿಗುತ್ತಿದ್ದವು.

1959ರಲ್ಲಿ ಒಚಿಯಾಯ್ ಮತ್ತು ಅಕಿಬಾ ಅವರ ತಂಡಗಳು ನಿರೋಧಕ ಬ್ಯಾಕ್ಟೀರಿಯಾವನ್ನೂ ಸಾಮಾನ್ಯ ಬ್ಯಾಕ್ಟೀರಿಯಾವನ್ನೂ ಒಂದೇ ಪೋಷಕ ದ್ರಾವಣದಲ್ಲಿ ಬೆಳೆಸಿ ನೋಡಿದವು. ಶಿಗೆಲ್ಲಾ ಮತ್ತು ಕರುಳಿನಲ್ಲಿ ಸಾಮಾನ್ಯವಾಗಿರುವ ಇ. ಕೋಲೈ ಬ್ಯಾಕ್ಟೀರಿಯಾ ನಡುವೆ ನಾಲ್ಕೂ ಔಷಧಗಳ ನಿರೋಧಕತೆ ಒಂದೇ ಗಂಟಾಗಿ ದಾಟಿತು. ತ್ಸುತೊಮು ವತಾನಬೆ ಈ ಕೆಲಸವನ್ನೆಲ್ಲ 1963ರಲ್ಲಿ ಇಂಗ್ಲಿಷಿನಲ್ಲಿ ವಿವರಿಸಿ ಬರೆದ ಮೇಲೆ ಜಗತ್ತು ಎಚ್ಚೆತ್ತಿತು. ಆ ಕಾಲದ ಶಿಗೆಲ್ಲಾದಿಂದ ಪಡೆದ ಆರ್100 ಎಂಬ ಪ್ಲಾಸ್ಮಿಡ್ ಇಂದಿಗೂ ಅಧ್ಯಯನದ ವಸ್ತು. ಸುಮಾರು 94,000 ಬೇಸ್‌ಜೋಡಿಗಳ ಆ ಉಂಗುರದಲ್ಲಿ ಈ ನಾಲ್ಕು ಔಷಧಗಳ ನಿರೋಧಕತೆಯ ಜೊತೆಗೆ ಪಾದರಸವನ್ನು ತಾಳಿಕೊಳ್ಳುವ ವಂಶವಾಹಿಗಳೂ ಇವೆ. ಈ ಪಾದರಸದ ವಿಷಯ ಮುಂದೆ ಮತ್ತೆ ಬರುತ್ತದೆ.

ಹಾಗಾದರೆ ಪ್ರತಿಜೀವಕಗಳ ಬಳಕೆಯಿಂದಲೇ ಪ್ಲಾಸ್ಮಿಡ್‌ಗಳು ಹುಟ್ಟಿದವೇ?

ಇಲ್ಲ. ಇದಕ್ಕೆ ಅಪರೂಪದ ಪುರಾವೆಯೊಂದಿದೆ. ಎವೆರಿಟ್ ಮರ್ರೆ ಎಂಬ ಸೂಕ್ಷ್ಮಾಣು ವಿಜ್ಞಾನಿ 1917ರಿಂದ 1954ರ ನಡುವೆ ಹಲವು ದೇಶಗಳಿಂದ ನೂರಾರು ಕರುಳಿನ ಬ್ಯಾಕ್ಟೀರಿಯಾಗಳನ್ನು ಸಂಗ್ರಹಿಸಿ ಮುಚ್ಚಿದ ಗಾಜಿನ ನಳಿಕೆಗಳಲ್ಲಿ ಕಾಪಾಡಿದ್ದರು. ಅವುಗಳಲ್ಲಿ ಬಹುಪಾಲು ಪ್ರತಿಜೀವಕಗಳು ವ್ಯಾಪಕ ಬಳಕೆಗೆ ಬರುವ ಮುಂಚಿನವು. ವಿಕ್ಟೋರಿಯಾ ಹ್ಯೂಸ್ ಮತ್ತು ನವೋಮಿ ದತ್ತಾ ಇವನ್ನು ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದ ಫಲಿತಾಂಶ ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಸೊಗಸಾದ ಫಲಿತಾಂಶಗಳಲ್ಲಿ ಒಂದು. ಸಂಗ್ರಹದ ಸುಮಾರು ಕಾಲು ಭಾಗದಷ್ಟು ಬ್ಯಾಕ್ಟೀರಿಯಾಗಳಿಗೆ ಡಿಎನ್‌ಎ ವರ್ಗಾಯಿಸುವ ಸಾಮರ್ಥ್ಯವಿತ್ತು. ಅವುಗಳಿಂದ ದಾಟಿಬಂದ ಪ್ಲಾಸ್ಮಿಡ್‌ಗಳು ಇಂದಿನ ಆಸ್ಪತ್ರೆಗಳಲ್ಲಿ ಸಿಗುವ ಪ್ಲಾಸ್ಮಿಡ್‌ಗಳ ಗುಂಪುಗಳಿಗೇ ಸೇರಿದ್ದವು. ಆದರೆ ಅವುಗಳಲ್ಲಿ ಪ್ರತಿಜೀವಕ ನಿರೋಧಕ ವಂಶವಾಹಿಗಳು ಇರಲಿಲ್ಲ. ಅಂದರೆ ವಾಹನ ಹಳೆಯದು, ಅದರಲ್ಲಿರುವ ಸರಕು ಹೊಸದು. ಔಷಧಗಳು ಮಾಡಿದ್ದು ಆಯ್ಕೆಯ ಕೆಲಸ: ಆಕಸ್ಮಿಕವಾಗಿ ನಿರೋಧಕ ವಂಶವಾಹಿ ಬಂದು ಸೇರಿದ ಪ್ಲಾಸ್ಮಿಡ್‌ಗಳನ್ನು ಉಳಿಸಿ ಬೆಳೆಸಿದವು.

ಆ ಸರಕು ಬಂದದ್ದು ಎಲ್ಲಿಂದ?

ಹೆಚ್ಚಿನವು ನಮಗೆ ಅಷ್ಟಾಗಿ ರೋಗ ತರದ, ಮಣ್ಣು ನೀರುಗಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳ ವರ್ಣತಂತುಗಳಿಂದ ಬಂದಿವೆ. ಸೆಫಲೋಸ್ಪೊರಿನ್ ಎಂಬ ಪ್ರತಿಜೀವಕಗಳನ್ನು ಒಡೆದುಹಾಕುವ ಸಿಟಿಎಕ್ಸ್-ಎಮ್ ಕಿಣ್ವಗಳ ಮೂಲ ಕ್ಲೈವೆರಾ ಎಂಬ ಬ್ಯಾಕ್ಟೀರಿಯಾ ಕುಲದ ವರ್ಣತಂತುವಿನಲ್ಲಿದೆ. ಕಾರ್ಬಪೆನೆಮ್ ಎಂಬ ಪ್ರತಿಜೀವಕಗಳನ್ನು ಒಡೆಯುವ ಒಎಕ್ಸ್‌ಎ-48 ಕಿಣ್ವದ ವಂಶವಾಹಿ ಶೆವನೆಲ್ಲಾ ಎಂಬ ಜಲವಾಸಿ ಬ್ಯಾಕ್ಟೀರಿಯಾದಿಂದ ಬಂದದ್ದು. ಅದು ಮೊದಲು ಪತ್ತೆಯಾದದ್ದು 2001ರಲ್ಲಿ ಇಸ್ತಾಂಬುಲಿನ ರೋಗಿಯೊಬ್ಬರಿಂದ ಪಡೆದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದಲ್ಲಿ.

ವರ್ಣತಂತುವಿನಲ್ಲಿ ಭದ್ರವಾಗಿ ಕೂತಿದ್ದ ವಂಶವಾಹಿ ಪ್ಲಾಸ್ಮಿಡ್‌ಗೆ ಹೇಗೆ ಹಾರುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅಳವಡಿಕೆ ಅನುಕ್ರಮಗಳು ಎಂಬ ಪುಟ್ಟ ಡಿಎನ್‌ಎ ತುಣುಕುಗಳು ತಮ್ಮನ್ನು ತಾವೇ ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸಿಕೊಳ್ಳಬಲ್ಲವು. ಅಂಥ ತುಣುಕೊಂದು ಉಪಯುಕ್ತ ವಂಶವಾಹಿಯ ಪಕ್ಕದಲ್ಲಿ ಬಂದು ಕೂತರೆ, ಅಥವಾ ಅದರ ಎರಡೂ ಬದಿಗೆ ಒಂದೊಂದು ಕೂತರೆ, ಮುಂದಿನ ಸಲ ಹಾರುವಾಗ ಆ ವಂಶವಾಹಿಯನ್ನೂ ಹೊತ್ತೊಯ್ಯುತ್ತದೆ. ಸಿಟಿಎಕ್ಸ್-ಎಮ್ ವಂಶವಾಹಿಗಳಲ್ಲಿ ಹಲವನ್ನು ಕ್ಲೈವೆರಾದಿಂದ ಎಬ್ಬಿಸಿ ತಂದದ್ದು ಐಎಸ್‌ಇಸಿಪಿ1 ಎಂಬ ತುಣುಕು. ಅದು ಮಾಡುವ ಇನ್ನೊಂದು ಉಪಕಾರವಿದೆ: ವಂಶವಾಹಿಗೆ ಬಲವಾದ ಚಾಲಕ ಅನುಕ್ರಮವನ್ನೂ (ವಂಶವಾಹಿಯನ್ನು ಚಾಲೂ ಮಾಡುವ ಡಿಎನ್‌ಎ ಭಾಗ) ತನ್ನಿಂದಲೇ ಒದಗಿಸುತ್ತದೆ, ಹೀಗಾಗಿ ಮೂಲ ಜಾಗದಲ್ಲಿ ಮಂದವಾಗಿ ಕೆಲಸ ಮಾಡುತ್ತಿದ್ದ ವಂಶವಾಹಿ ಹೊಸ ಜಾಗದಲ್ಲಿ ಕಿಣ್ವವನ್ನು ಧಾರಾಳವಾಗಿ ತಯಾರಿಸತೊಡಗುತ್ತದೆ. ಹೀಗೆ ಹಾರಬಲ್ಲ ವಂಶವಾಹಿ ಸಮೂಹಕ್ಕೆ ಟ್ರಾನ್ಸ್‌ಪೋಸಾನ್ ಎಂಬ ಹೆಸರು 1974ರಲ್ಲಿ ಬಂದಿತು.

ಇದರ ಮೇಲೆ ಇಂಟಿಗ್ರಾನ್ ಎಂಬ ಮತ್ತೊಂದು ವ್ಯವಸ್ಥೆಯಿದೆ. ಅದರಲ್ಲಿ ಒಂದು ಕಿಣ್ವವು ಅಲ್ಲಿ ಇಲ್ಲಿ ಸಿಗುವ ಪುಟ್ಟ ವಂಶವಾಹಿ ಕ್ಯಾಸೆಟ್‌ಗಳನ್ನು ಹಿಡಿದು, ಒಂದೇ ಚಾಲಕದ ಹಿಂದೆ ಸಾಲಾಗಿ ಜೋಡಿಸುತ್ತದೆ. ಸಾಲಿನ ಮುಂದಿರುವ ಕ್ಯಾಸೆಟ್ ಹೆಚ್ಚು ಕೆಲಸ ಮಾಡುತ್ತದೆ, ಹಿಂದಿನವು ಕಡಿಮೆ; ಆದರೆ ಕೋಶ ಒತ್ತಡಕ್ಕೆ ಸಿಕ್ಕಾಗ ಈ ಸಾಲನ್ನು ಮರುಜೋಡಿಸಲು ಸಾಧ್ಯ. ಕ್ಯಾಸೆಟ್ ಇಂಟಿಗ್ರಾನಿನೊಳಗೆ, ಇಂಟಿಗ್ರಾನ್ ಟ್ರಾನ್ಸ್‌ಪೋಸಾನಿನೊಳಗೆ, ಟ್ರಾನ್ಸ್‌ಪೋಸಾನ್ ಪ್ಲಾಸ್ಮಿಡ್‌ನೊಳಗೆ, ಪ್ಲಾಸ್ಮಿಡ್ ಬ್ಯಾಕ್ಟೀರಿಯಾದೊಳಗೆ: ಇವುಗಳಲ್ಲಿ ಬಹುಪಾಲು ಹಂತಗಳು ಸ್ವತಂತ್ರವಾಗಿ ಚಲಿಸಬಲ್ಲವು. ಆರ್100 ಪ್ಲಾಸ್ಮಿಡ್‌ನಲ್ಲಿ ಈ ನಾಲ್ಕೂ ಹಂತಗಳನ್ನು ಒಂದೇ ಕಡೆ ಕಾಣಬಹುದು. ನಿರೋಧಕತೆಯ ವೇಗ ಅರ್ಥವಾಗಬೇಕಾದರೆ ಈ ಜೋಡಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಅಗತ್ಯ.

ಒಂದು ಕೋಶದಿಂದ ಇನ್ನೊಂದಕ್ಕೆ ಪ್ಲಾಸ್ಮಿಡ್ ದಾಟುವ ಕ್ಷಣದಲ್ಲಿ ಏನಾಗುತ್ತದೆ?

ಇ. ಕೋಲೈನ ಎಫ್ ಪ್ಲಾಸ್ಮಿಡ್ ಮತ್ತು ಅದರ ಬಂಧುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ದಾನಿ ಕೋಶವು ಪೈಲಸ್ ಎಂಬ ತೆಳ್ಳನೆಯ ಪ್ರೋಟೀನ್ ಎಳೆಯನ್ನು ಹೊರಚಾಚುತ್ತದೆ. ಅದರ ತುದಿ ಇನ್ನೊಂದು ಕೋಶವನ್ನು ತಾಗಿದಾಗ ಎಳೆ ಒಳಕ್ಕೆ ಸರಿಯುತ್ತದೆ, ಎರಡು ಕೋಶಗಳ ಹೊರಪದರಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಅಷ್ಟರಲ್ಲಿ ದಾನಿಯ ಒಳಗೆ ರಿಲಾಕ್ಸೇಸ್ ಎಂಬ ಕಿಣ್ವ ಪ್ಲಾಸ್ಮಿಡ್‌ನ ಒಂದು ನಿರ್ದಿಷ್ಟ ಜಾಗದಲ್ಲಿ ಎರಡು ಎಳೆಗಳ ಪೈಕಿ ಒಂದನ್ನು ಮಾತ್ರ ಕತ್ತರಿಸಿ, ಆ ತುದಿಗೆ ತಾನೇ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಪೊರೆಯಲ್ಲಿರುವ ಸ್ರಾವಯಂತ್ರವು ಆ ಕಿಣ್ವವನ್ನು ಆಚೆಗೆ ತಳ್ಳಿದಂತೆಲ್ಲ ಅದಕ್ಕೆ ಅಂಟಿದ ಡಿಎನ್‌ಎ ಎಳೆಯೂ ಬಿಚ್ಚಿಕೊಳ್ಳುತ್ತ ಹಿಂಬಾಲಿಸುತ್ತದೆ. ಸ್ವೀಕರಿಸುವ ಕೋಶದೊಳಗೆ ಎಳೆಯ ಎರಡು ತುದಿಗಳು ಮತ್ತೆ ಸೇರಿ ಉಂಗುರವಾಗುತ್ತವೆ, ಜೊತೆಯ ಎಳೆ ಹೊಸದಾಗಿ ತಯಾರಾಗುತ್ತದೆ. ದಾನಿಯಲ್ಲಿಯೂ ಹೋದ ಎಳೆಯ ಜಾಗ ಭರ್ತಿಯಾಗುತ್ತದೆ. ದಾನಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಮೊದಲು ಒಂದು ಕೋಶದಲ್ಲಿದ್ದ ಪ್ಲಾಸ್ಮಿಡ್ ಈಗ ಎರಡರಲ್ಲಿ ಇದೆ. ಸ್ವೀಕರಿಸಿದ ಕೋಶವು ಸ್ವಲ್ಪ ಹೊತ್ತಿನಲ್ಲಿ ತಾನೇ ದಾನಿಯಾಗುತ್ತದೆ.

ಈ ಯಂತ್ರ ಸದಾ ಚಾಲೂ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಪೈಲಸ್ ಕಟ್ಟುವುದು ದುಬಾರಿ ಕೆಲಸ, ಅಲ್ಲದೆ ಅದೇ ಎಳೆಯನ್ನು ಹಿಡಿದು ಒಳನುಗ್ಗುವ ವೈರಸ್‌ಗಳಿವೆ. ಆದ್ದರಿಂದ ಆರ್100ನಂಥ ಪ್ಲಾಸ್ಮಿಡ್‌ಗಳು ತಮ್ಮ ವರ್ಗಾವಣೆಯ ವಂಶವಾಹಿಗಳನ್ನು ಬಹುಕಾಲ ಅದುಮಿಟ್ಟುಕೊಂಡೇ ಇರುತ್ತವೆ.

ಎಲ್ಲ ಪ್ಲಾಸ್ಮಿಡ್‌ಗಳೂ ಹೀಗೆ ದಾಟಬಲ್ಲವೇ?

ಡಿಎನ್‌ಎ ಅನುಕ್ರಮ ತಿಳಿದಿರುವ ಪ್ಲಾಸ್ಮಿಡ್‌ಗಳನ್ನು ಹೋಲಿಸಿದಾಗ ಸುಮಾರು ಕಾಲು ಭಾಗಕ್ಕೆ ವರ್ಗಾವಣೆಯ ಪೂರ್ಣ ಯಂತ್ರವಿದೆ. ಇನ್ನು ಕಾಲು ಭಾಗ, ಅದೇ ಕೋಶದಲ್ಲಿ ಬೇರೊಂದು ಪ್ಲಾಸ್ಮಿಡ್ ಕಟ್ಟಿದ ಯಂತ್ರವನ್ನು ಬಳಸಿಕೊಂಡು ದಾಟಬಲ್ಲವು. ಉಳಿದ ಅರ್ಧದಲ್ಲಿ ಇಂಥ ವಂಶವಾಹಿಗಳು ಕಾಣುವುದಿಲ್ಲ. ಆದರೂ ಆ ಕೊನೆಯ ಗುಂಪು ಸ್ಥಿರವೆಂದು ಭಾವಿಸಬಾರದು. ಅಳವಡಿಕೆ ಅನುಕ್ರಮಗಳ ಮೂಲಕ ಅವು ದಾಟಬಲ್ಲ ಪ್ಲಾಸ್ಮಿಡ್ ಜೊತೆ ಬೆಸೆದುಕೊಳ್ಳಬಹುದು, ಬ್ಯಾಕ್ಟೀರಿಯಾಭಕ್ಷಕ ವೈರಸ್‌ಗಳ ಒಳಗೆ ಸಿಕ್ಕಿ ಸಾಗಬಹುದು, ಸತ್ತ ಕೋಶದಿಂದ ಹೊರಬಿದ್ದ ಡಿಎನ್‌ಎಯಾಗಿ ಬೇರೊಂದು ಕೋಶವನ್ನು ಸೇರಬಹುದು.

ಔಷಧ ಇಲ್ಲದ ಜಾಗದಲ್ಲಿ ಪ್ಲಾಸ್ಮಿಡ್ ಹೊರೆಯೇ ಅಲ್ಲವೇ? ಹಾಗಿದ್ದೂ ಅದು ಉಳಿದುಕೊಳ್ಳುವುದು ಹೇಗೆ?

ಪ್ಲಾಸ್ಮಿಡ್ ಮೊದಲ ಸಲ ಬಂದು ಸೇರಿದ ಕೋಶ ಸಾಮಾನ್ಯವಾಗಿ ಸ್ವಲ್ಪ ನಿಧಾನವಾಗಿ ಬೆಳೆಯುತ್ತದೆ ಎಂಬುದು ನಿಜ. ಆ ಲೆಕ್ಕದಲ್ಲಿ ಔಷಧ ನಿಂತ ಮೇಲೆ ಪ್ಲಾಸ್ಮಿಡ್ ಇಲ್ಲದ ಕೋಶಗಳು ಗೆದ್ದು, ನಿರೋಧಕತೆ ತಾನಾಗಿಯೇ ಕರಗಬೇಕಿತ್ತು. ಹಲವು ವರ್ಷ ವೈದ್ಯರೂ ವಿಜ್ಞಾನಿಗಳೂ ಹಾಗೆಯೇ ಆಶಿಸಿದ್ದರು. ಆದರೆ ಆ ಆಶೆ ಬಹುಮಟ್ಟಿಗೆ ಫಲಿಸಿಲ್ಲ.

ಮೊದಲ ಕಾರಣ ಪ್ಲಾಸ್ಮಿಡ್‌ನಲ್ಲಿಯೇ ಇದೆ. ಆರ್1 ಎಂಬ ಪ್ಲಾಸ್ಮಿಡ್ ಕೋಶ ವಿಭಜನೆಯ ಹೊತ್ತಿಗೆ ತನ್ನ ಪ್ರತಿಗಳನ್ನು ಎರಡು ತುದಿಗಳಿಗೆ ತಳ್ಳುವ ಪ್ರೋಟೀನ್ ನಾರುಗಳನ್ನು ಕಟ್ಟುತ್ತದೆ. ಅಷ್ಟಾಗಿಯೂ ಒಂದು ಮರಿಕೋಶ ಪ್ಲಾಸ್ಮಿಡ್ ಇಲ್ಲದೆ ಹುಟ್ಟಿದರೆ ಅದಕ್ಕೂ ವ್ಯವಸ್ಥೆಯಿದೆ. ಕೋಶದ ಪೊರೆಯನ್ನು ಹಾಳುಮಾಡುವ ವಿಷ ಪ್ರೋಟೀನಿನ ಆರ್‌ಎನ್‌ಎಯನ್ನೂ, ಆ ವಿಷ ತಯಾರಾಗದಂತೆ ತಡೆಯುವ ಇನ್ನೊಂದು ಆರ್‌ಎನ್‌ಎಯನ್ನೂ ಇದೇ ಪ್ಲಾಸ್ಮಿಡ್ ಒದಗಿಸುತ್ತದೆ. ವಿಷದ ಆರ್‌ಎನ್‌ಎ ಬಹಳ ಹೊತ್ತು ಬಾಳುತ್ತದೆ, ತಡೆಯುವ ಆರ್‌ಎನ್‌ಎ ಬೇಗ ನಶಿಸುತ್ತದೆ. ಪ್ಲಾಸ್ಮಿಡ್ ಕಳೆದುಕೊಂಡ ಕೋಶದಲ್ಲಿ ತಡೆ ಹೊಸದಾಗಿ ಬರುವುದಿಲ್ಲ, ಹಳೆಯ ವಿಷ ಉಳಿದಿರುತ್ತದೆ, ಕೋಶ ಸಾಯುತ್ತದೆ.

ಎರಡನೆಯದು, ಹೊರೆಯೇ ಕಾಲಕ್ರಮದಲ್ಲಿ ಇಳಿಯುತ್ತದೆ. ಬೌಮಾ ಮತ್ತು ರಿಚರ್ಡ್ ಲೆನ್ಸ್ಕಿ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿರೋಧಕ ಪ್ಲಾಸ್ಮಿಡ್ ಇರುವ ಇ. ಕೋಲೈಯನ್ನು ಔಷಧದ ಸಮ್ಮುಖದಲ್ಲಿ 500 ತಲೆಮಾರುಗಳವರೆಗೆ ಬೆಳೆಸಿದರು. ಕೊನೆಗೆ ನೋಡಿದರೆ, ಔಷಧವಿಲ್ಲದ ದ್ರಾವಣದಲ್ಲಿಯೂ ಪ್ಲಾಸ್ಮಿಡ್ ಇದ್ದ ಕೋಶಗಳೇ ಪ್ಲಾಸ್ಮಿಡ್ ತೆಗೆದ ತಮ್ಮ ಸೋದರ ಕೋಶಗಳಿಗಿಂತ ಚೆನ್ನಾಗಿ ಬೆಳೆಯುತ್ತಿದ್ದವು. ಬ್ಯಾಕ್ಟೀರಿಯಾದ ವರ್ಣತಂತು ಪ್ಲಾಸ್ಮಿಡ್‌ಗೆ ಹೊಂದಿಕೊಂಡಿತ್ತು. ಇಂಥ ಹೊಂದಾಣಿಕೆಗಳನ್ನು ಆಮೇಲೆ ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿಯೂ ಕಂಡಿದ್ದಾರೆ.

ಮೂರನೆಯದು ಜೊತೆ ಆಯ್ಕೆ. ಒಂದೇ ಪ್ಲಾಸ್ಮಿಡ್‌ನಲ್ಲಿ ಐದಾರು ಔಷಧಗಳ ನಿರೋಧಕತೆ ಇರುವಾಗ, ಅವುಗಳಲ್ಲಿ ಯಾವ ಒಂದನ್ನು ಬಳಸಿದರೂ ಐದಾರೂ ಉಳಿಯುತ್ತವೆ. ಆರ್100ನ ಪಾದರಸದ ವಂಶವಾಹಿಗಳ ಮಹತ್ವ ಇಲ್ಲಿದೆ: ಪಾದರಸ, ತಾಮ್ರದಂಥ ಲೋಹಗಳಿರುವ ಜಾಗದಲ್ಲಿ ಪ್ರತಿಜೀವಕದ ಒಂದು ಕಣವೂ ಇಲ್ಲದೆ ಪ್ರತಿಜೀವಕ ನಿರೋಧಕತೆ ಆಯ್ಕೆಯಾಗಬಹುದು.

ಹಾಗಿದ್ದರೆ ಔಷಧದ ಬಳಕೆ ನಿಲ್ಲಿಸಿ ಪ್ರಯೋಜನವೇ ಇಲ್ಲವೇ?

ಖಂಡಿತ ಇದೆ. ಕೊಲಿಸ್ಟಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಬೇರೆಲ್ಲ ಸೋತಾಗ ಬಳಸುವ ಈ ಔಷಧಕ್ಕೆ ಪ್ಲಾಸ್ಮಿಡ್ ಮೂಲಕ ಹರಡುವ ನಿರೋಧಕತೆಯೇ ಇಲ್ಲವೆಂದು ನಂಬಲಾಗಿತ್ತು. 2015ರ ನವೆಂಬರಿನಲ್ಲಿ ಚೀನಾದ ಸಂಶೋಧಕರು ಎಮ್‌ಸಿಆರ್-1 ಎಂಬ ವಂಶವಾಹಿಯನ್ನು ಹಂದಿಗಳು, ಮಾಂಸ ಮತ್ತು ರೋಗಿಗಳಿಂದ ಪಡೆದ ಬ್ಯಾಕ್ಟೀರಿಯಾಗಳ ಪ್ಲಾಸ್ಮಿಡ್‌ಗಳಲ್ಲಿ ಕಂಡದ್ದನ್ನು ವರದಿ ಮಾಡಿದರು. ಅಲ್ಲಿ ಪ್ರಾಣಿಗಳು ಬೇಗ ಕೊಬ್ಬಲೆಂದು ಮೇವಿನಲ್ಲಿ ಕೊಲಿಸ್ಟಿನ್ ಬೆರೆಸುವುದು ರೂಢಿಯಾಗಿತ್ತು. 2017ರಲ್ಲಿ ಆ ಬಳಕೆಯನ್ನು ನಿಷೇಧಿಸಿದ ಮೇಲೆ ಹಂದಿಗಳಲ್ಲಿಯೂ ಮನುಷ್ಯರಲ್ಲಿಯೂ ಎಮ್‌ಸಿಆರ್-1 ಗಮನಾರ್ಹವಾಗಿ ಇಳಿಯಿತು. ಸೊನ್ನೆಗೆ ಇಳಿಯಲಿಲ್ಲ, ಆದರೆ ಇಳಿಯಿತು. ಒಂದು ಔಷಧದ ಬಳಕೆಯನ್ನು ನಿಲ್ಲಿಸುವುದರ ಫಲ ಆ ವಂಶವಾಹಿಯ ಜೊತೆಗೆ ಬೇರೆ ಯಾವ ವಂಶವಾಹಿಗಳು ಕೂತಿವೆ ಎಂಬುದನ್ನು ಅವಲಂಬಿಸಿದೆ.

ವರ್ಗಾವಣೆ ಹೆಚ್ಚಾಗಿ ನಡೆಯುವುದು ಎಲ್ಲಿ?

ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಇರುವಲ್ಲೆಲ್ಲ ನಡೆಯಬಹುದು. ಮನುಷ್ಯರ ಮತ್ತು ಪ್ರಾಣಿಗಳ ಕರುಳು ಎಲ್ಲಕ್ಕಿಂತ ಮುಖ್ಯ ಜಾಗ. ಆಸ್ಪತ್ರೆಯ ಸಿಂಕಿನ ಕೆಳಗಿನ ಕೊಳವೆಗಳಲ್ಲಿ ಕಟ್ಟುವ ಲೋಳೆಪದರ, ಚರಂಡಿ ನೀರು, ಮಲಿನ ನೀರಿನ ಶುದ್ಧೀಕರಣ ಘಟಕಗಳೂ ಅಂಥವೇ. ಟೈಫಾಯ್ಡ್ ಬ್ಯಾಕ್ಟೀರಿಯಾದಲ್ಲಿ ದೀರ್ಘಕಾಲ ಪ್ರಧಾನವಾಗಿದ್ದ ಇಂಕ್-ಎಚ್‌ಐ1 ಗುಂಪಿನ ಪ್ಲಾಸ್ಮಿಡ್‌ಗಳು 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚೆನ್ನಾಗಿ ದಾಟುತ್ತವೆ, ದೇಹದ ಶಾಖವಾದ 37 ಡಿಗ್ರಿಯಲ್ಲಿ ಬಹುತೇಕ ದಾಟುವುದೇ ಇಲ್ಲ. ಅವುಗಳ ವಿನಿಮಯ ಮುಖ್ಯವಾಗಿ ದೇಹದ ಹೊರಗೆ, ನೀರಿನಲ್ಲಿ ನಡೆಯುತ್ತಿರಬೇಕು ಎಂದು ಇದರಿಂದ ಊಹಿಸಬಹುದು.

ಇಲ್ಲಿ ಔಷಧದ ಪ್ರಮಾಣದ ಪ್ರಶ್ನೆಯೂ ಏಳುತ್ತದೆ. ಬ್ಯಾಕ್ಟೀರಿಯಾವನ್ನು ತಡೆಯಲು ಬೇಕಾದಷ್ಟು ಔಷಧ ಇರುವಲ್ಲಿ ಮಾತ್ರ ನಿರೋಧಕ ಕೋಶಗಳು ಗೆಲ್ಲುತ್ತವೆ ಎಂಬ ತಿಳಿವಳಿಕೆ ತಪ್ಪು. ಸ್ವೀಡನ್ನಿನ ಉಪ್ಸಲಾದ ಸಂಶೋಧಕರು 2011ರಲ್ಲಿ ತೋರಿಸಿದಂತೆ, ಟೆಟ್ರಾಸೈಕ್ಲಿನ್ ಮತ್ತು ಸಿಪ್ರೊಫ್ಲಾಕ್ಸಸಿನ್‌ಗಳಲ್ಲಿ ಆ ಪ್ರಮಾಣದ ನೂರರಲ್ಲಿ ಒಂದು ಪಾಲಿನಷ್ಟು ಇದ್ದರೂ ನಿರೋಧಕ ಕೋಶಗಳು ಮೆಲ್ಲಗೆ ಮೇಲುಗೈ ಪಡೆಯಬಲ್ಲವು. ಚರಂಡಿ ನೀರಿನಲ್ಲಿರುವ ಅಲ್ಪ ಶೇಷವನ್ನು ಕಡೆಗಣಿಸಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ರೋಗಿಯ ದೇಹವೇ ಔಷಧಕ್ಕೆ ಒಗ್ಗಿಹೋಗುತ್ತದೆಯೇ?

ಇಲ್ಲ. ನಿರೋಧಕತೆ ಬರುವುದು ಬ್ಯಾಕ್ಟೀರಿಯಾಕ್ಕೆ, ಮನುಷ್ಯನಿಗಲ್ಲ. ಜೀವನದಲ್ಲಿ ಒಮ್ಮೆಯೂ ಪ್ರತಿಜೀವಕ ಸೇವಿಸದವರಿಗೂ ನಿರೋಧಕ ಬ್ಯಾಕ್ಟೀರಿಯಾದ ಸೋಂಕು ತಗಲಬಹುದು.

ಪ್ಲಾಸ್ಮಿಡ್ ಒಂದು ರೋಗದ ಚಿಕಿತ್ಸೆಯನ್ನೇ ಬದಲಿಸಿದ ಉದಾಹರಣೆ ಇದೆಯೇ?

ಟೈಫಾಯ್ಡ್ ಎದ್ದು ಕಾಣುವ ಉದಾಹರಣೆ. ಎಚ್58 ಎಂಬ ವಂಶದ ಟೈಫಾಯ್ಡ್ ಬ್ಯಾಕ್ಟೀರಿಯಾ ಹಳೆಯ ಔಷಧಗಳಿಗೆ ಮೊದಲೇ ಬಗ್ಗುತ್ತಿರಲಿಲ್ಲ, ಮುಖ್ಯವಾಗಿ ಸೆಫ್ಟ್ರಿಯಾಕ್ಸೋನ್ ಎಂಬ ಸೆಫಲೋಸ್ಪೊರಿನ್ ಅನ್ನು ನೆಚ್ಚಬೇಕಾಗಿತ್ತು. 2016ರ ನವೆಂಬರಿನಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಅದಕ್ಕೂ ಬಗ್ಗದ ಪ್ರಕರಣಗಳು ಒಂದರ ಹಿಂದೆ ಒಂದು ಬಂದವು. ಡಿಎನ್‌ಎ ಓದಿದಾಗ, ಸಿಟಿಎಕ್ಸ್-ಎಮ್-15 ವಂಶವಾಹಿಯೂ ಕ್ವಿನೊಲೋನ್ ಎಂಬ ಔಷಧಗಳನ್ನು ತಡೆದುಕೊಳ್ಳುವ ವಂಶವಾಹಿಯೂ ಇರುವ ಒಂದೇ ಒಂದು ಪ್ಲಾಸ್ಮಿಡ್ ಹೊಸದಾಗಿ ಸೇರಿತ್ತು. ಅದಕ್ಕೆ ಬಹಳ ಹತ್ತಿರದ ಪ್ಲಾಸ್ಮಿಡ್ ಇ. ಕೋಲೈನಲ್ಲಿ ಮೊದಲೇ ಇತ್ತು. ನುಂಗುವ ಔಷಧಗಳ ಪೈಕಿ ಅಜಿತ್ರೊಮೈಸಿನ್ ಒಂದೇ ಉಳಿಯಿತು. ಕ್ಲೈವೆರಾದ ವರ್ಣತಂತುವಿನಿಂದ ಹೊರಟ ವಂಶವಾಹಿ ಇ. ಕೋಲೈ ಮೂಲಕ ಟೈಫಾಯ್ಡ್‌ಗೆ ತಲುಪಿದ ದಾರಿ ಇದು.

ಆಸ್ಪತ್ರೆಗಳು ಇದನ್ನು ಪತ್ತೆಹಚ್ಚುವುದು ಹೇಗೆ?

ರೂಢಿಯ ನಿಗಾ ವ್ಯವಸ್ಥೆ ಒಂದೇ ಪ್ರಭೇದದ ಒಂದೇ ತಳಿ ಹಲವು ರೋಗಿಗಳಲ್ಲಿ ಕಂಡರೆ ಎಚ್ಚರಿಸುತ್ತದೆ. ಒಬ್ಬ ರೋಗಿಯಲ್ಲಿ ಕ್ಲೆಬ್ಸಿಯೆಲ್ಲಾ, ಪಕ್ಕದವರಲ್ಲಿ ಇ. ಕೋಲೈ, ಮತ್ತೊಬ್ಬರಲ್ಲಿ ಎಂಟೆರೊಬ್ಯಾಕ್ಟರ್ ಸಿಕ್ಕರೆ ಅವು ಮೂರು ಪ್ರತ್ಯೇಕ ಘಟನೆಗಳೆಂದು ದಾಖಲಾಗುತ್ತವೆ, ಮೂರರಲ್ಲಿಯೂ ಇರುವುದು ಒಂದೇ ಪ್ಲಾಸ್ಮಿಡ್ ಆಗಿದ್ದರೂ ಸಹ. ಡಿಎನ್‌ಎಯನ್ನು ಕೆಲವು ನೂರು ಬೇಸ್‌ಗಳ ಚೂರುಗಳಾಗಿ ಓದುವ ವಿಧಾನದಿಂದ ಇದನ್ನು ಬಿಡಿಸುವುದು ಕಷ್ಟ, ಏಕೆಂದರೆ ಒಂದೇ ಅಳವಡಿಕೆ ಅನುಕ್ರಮ ಪ್ಲಾಸ್ಮಿಡ್‌ನ ಹಲವು ಕಡೆ ಪುನರಾವರ್ತನೆಯಾಗಿರುತ್ತದೆ, ಯಾವ ಚೂರು ಎಲ್ಲಿಗೆ ಸೇರಿದ್ದೆಂದು ತಿಳಿಯುವುದಿಲ್ಲ. ಸಾವಿರಾರು ಬೇಸ್‌ಗಳನ್ನು ಒಂದೇ ಉಸಿರಿಗೆ ಓದುವ ಹೊಸ ಯಂತ್ರಗಳು ಪ್ಲಾಸ್ಮಿಡ್‌ನ ಪೂರ್ಣ ಉಂಗುರವನ್ನು ಕಾಣಿಸುತ್ತವೆ. ನಿಗಾ ವರದಿಗಳಲ್ಲಿ ಬ್ಯಾಕ್ಟೀರಿಯಾದ ಹೆಸರಿನ ಪಕ್ಕದಲ್ಲಿ ಪ್ಲಾಸ್ಮಿಡ್‌ನ ಗುರುತೂ ಇರಬೇಕಾದದ್ದು ನ್ಯಾಯ; ಅದಿಲ್ಲದ ವರದಿಯಲ್ಲಿ ಸೋಂಕಿನ ಸರಪಳಿಯ ಅರ್ಧ ಕೊಂಡಿಗಳು ಕಾಣುವುದೇ ಇಲ್ಲ.

ಎಲ್ಲ ನಿರೋಧಕತೆಯೂ ಪ್ಲಾಸ್ಮಿಡ್‌ನಿಂದಲೇ ಬರುತ್ತದೆಯೇ?

ಇಲ್ಲ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ನಿರೋಧಕತೆ ವರ್ಣತಂತುವಿನ ಉತ್ಪರಿವರ್ತನೆಗಳಿಂದ ಬರುತ್ತದೆ, ಪ್ಲಾಸ್ಮಿಡ್‌ಗೆ ಅಲ್ಲಿ ಪಾತ್ರವಿಲ್ಲ. 2019ರಲ್ಲಿ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿನಲ್ಲಿ ಎರಡೂ ಬಗೆಯವು ಸೇರಿವೆ.

ಇಂಥ ಬ್ಯಾಕ್ಟೀರಿಯಾಗಳು ಸ್ಯಾನಿಟೈಸರಿಗೂ ಬಗ್ಗುವುದಿಲ್ಲವೇ?

ಆಲ್ಕೋಹಾಲ್ ಮತ್ತು ಕುದಿಯುವ ಶಾಖಕ್ಕೆ ಅವು ಬೇರೆ ಬ್ಯಾಕ್ಟೀರಿಯಾಗಳಷ್ಟೇ ಸುಲಭವಾಗಿ ಸಾಯುತ್ತವೆ. ಕೈ ಶುಚಿಯಾಗಿಡುವುದು ಪ್ಲಾಸ್ಮಿಡ್ ಇರುವ ಮತ್ತು ಇಲ್ಲದ ಬ್ಯಾಕ್ಟೀರಿಯಾಗಳೆರಡನ್ನೂ ಸಮಾನವಾಗಿ ತಡೆಯುತ್ತದೆ.

ಪ್ಲಾಸ್ಮಿಡ್ ಮೇಲೆಯೇ ನೇರವಾಗಿ ದಾಳಿ ಮಾಡಲು ಸಾಧ್ಯವೇ?

ಪ್ರಯೋಗಾಲಯದಲ್ಲಿ ಹಲವು ದಾರಿಗಳನ್ನು ಪರೀಕ್ಷಿಸುತ್ತಿದ್ದಾರೆ: ವರ್ಗಾವಣೆಯ ಯಂತ್ರವನ್ನು ತಡೆಯುವ ರಾಸಾಯನಿಕಗಳು, ನಿರೋಧಕ ವಂಶವಾಹಿಯನ್ನೇ ಗುರುತಿಸಿ ಕತ್ತರಿಸುವ ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿ ವ್ಯವಸ್ಥೆಗಳು, ಪ್ಲಾಸ್ಮಿಡ್ ಇರುವ ಕೋಶಗಳನ್ನು ಮಾತ್ರ ಹಿಡಿಯುವ ವೈರಸ್‌ಗಳು. ಮೂರನೆಯದು ನನಗೆ ಹೆಚ್ಚು ಆಸಕ್ತಿದಾಯಕವಾಗಿ ಕಾಣುತ್ತದೆ. ಪಿಆರ್‌ಡಿ1 ಎಂಬ ವೈರಸ್, ಕೆಲವು ಗುಂಪುಗಳ ಪ್ಲಾಸ್ಮಿಡ್‌ಗಳು ಕಟ್ಟುವ ವರ್ಗಾವಣೆ ಯಂತ್ರವನ್ನು ಹಿಡಿದೇ ಕೋಶದೊಳಗೆ ನುಗ್ಗುತ್ತದೆ. ಅದನ್ನು ನಿರೋಧಕ ಬ್ಯಾಕ್ಟೀರಿಯಾಗಳ ನಡುವೆ ಬಿಟ್ಟಾಗ, ಬದುಕುಳಿದ ಕೋಶಗಳಲ್ಲಿ ಬಹಳಷ್ಟು ಪ್ಲಾಸ್ಮಿಡ್‌ನ್ನೇ ಕಳೆದುಕೊಂಡು ಮತ್ತೆ ಔಷಧಕ್ಕೆ ಬಗ್ಗುವಂತಾದವು. ಉಳಿದ ಕೆಲವು ಪ್ಲಾಸ್ಮಿಡ್‌ನ್ನು ಉಳಿಸಿಕೊಂಡವು, ಆದರೆ ಅದನ್ನು ಬೇರೆ ಕೋಶಕ್ಕೆ ದಾಟಿಸುವ ಶಕ್ತಿಯನ್ನು ಬಿಟ್ಟುಕೊಟ್ಟವು. ಅಂಥ ಕೋಶಗಳು ಔಷಧಕ್ಕೆ ಇನ್ನೂ ಬಗ್ಗುವುದಿಲ್ಲ, ಆದರೆ ನಿರೋಧಕತೆಯನ್ನು ಈ ದಾರಿಯಿಂದ ನೆರೆಯ ಕೋಶಕ್ಕೆ ಹಂಚಲಾರವು.